ಹದಿನೈದು ನಿಮಿಷದ ನಂತರ ದನಿ ಒಡೆಯುವ ವಾಲ್ವ್ ರೇಡಿಯೋ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬಹುಕಾಲ ಅಟ್ಟದಲ್ಲಿ ಬಿದ್ದಿದ್ದ ಐದು ವಾಲ್ವ್‌ಗಳ (ಗಾಜಿನ ನಿರ್ವಾತ ನಳಿಕೆಗಳ) ರೇಡಿಯೋ ಒಂದನ್ನು ಕಳೆದ ಕೆಲವು ವಾರಗಳಿಂದ ದುರಸ್ತಿ ಮಾಡುತ್ತಿದ್ದೇನೆ. ಅದರಲ್ಲಿರುವ ವಾಲ್ವ್‌ಗಳು ಸ್ಟೇಷನ್ ಹಿಡಿಯುವ ಇಸಿಎಚ್ 81 ಮತ್ತು ಇಎಫ್ 89, ರೇಡಿಯೋ ಅಲೆಯಿಂದ ದನಿಯನ್ನು ಬೇರ್ಪಡಿಸಿ (ಡಿಟೆಕ್ಟರ್) ಮೊದಲ ಹಂತದಲ್ಲಿ ಹಿಗ್ಗಿಸುವ ಇಬಿಸಿ 81, ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವ್ ಇಎಲ್ 84 ಮತ್ತು ಎಸಿಯನ್ನು ಡಿಸಿ ಮಾಡುವ ಇಜೆಡ್ 80. ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ ಆದ್ದರಿಂದ ಚಾಸಿಗೆ (ಭಾಗಗಳನ್ನು ಕೂರಿಸಿದ ಲೋಹದ ತಟ್ಟೆಗೆ) ನೇರವಾಗಿ ಮೇನ್ಸ್ ಬರುವುದಿಲ್ಲ. ಡಿಸಿಯ ಏರಿಳಿತವನ್ನು ನಯಗೊಳಿಸುವ ಫಿಲ್ಟರ್ ಕೆಪಾಸಿಟರ್‌ಗಳು ಉಬ್ಬಿಕೊಂಡಿದ್ದವು, ಅವನ್ನು ತೆಗೆದು 50 ಮೈಕ್ರೋಫ್ಯಾರಡ್‌ನ ಎರಡು ಹೊಸ ಕೆಪಾಸಿಟರ್‌ಗಳನ್ನು ಹಾಕಿದೆ, ವಾಲ್ವ್ ಸಾಕೆಟ್‌ಗಳನ್ನು ಶುಚಿಗೊಳಿಸಿದೆ, ಬಿರುಕು ಬಿಟ್ಟಿದ್ದ ವೈರುಗಳನ್ನು ಬದಲಿಸಿದೆ.

ಈಗ ತೊಂದರೆ ಹೀಗಿದೆ. ಆನ್ ಮಾಡಿದ ಹತ್ತು ಹದಿನೈದು ನಿಮಿಷ ದನಿ ತುಂಬ ಚೆನ್ನಾಗಿ, ದುಂಡಾಗಿ ಬರುತ್ತದೆ. ಆಮೇಲೆ ಮಾತಿನ ಅಂಚುಗಳು ಒರಟಾಗುತ್ತಾ ಹೋಗಿ, ಅರ್ಧ ಗಂಟೆಯ ಹೊತ್ತಿಗೆ ಹರಿದ ಕಾಗದದ ಹಿಂದಿನಿಂದ ಯಾರೋ ಮಾತಾಡಿದಂತೆ ಕೇಳುತ್ತದೆ, ಒಟ್ಟು ಶಬ್ದವೂ ಇಳಿಯುತ್ತದೆ. ಜೊತೆಗೆ ಗುಂಯ್ ಎನ್ನುವ ಹಮ್ ಇದೆ. ವಾಲ್ಯೂಮನ್ನು ಸೊನ್ನೆಗೆ ತಿರುಗಿಸಿದರೂ ಅದು ಹೋಗುವುದಿಲ್ಲ, ಸೆಟ್ ಬಿಸಿಯಾದಷ್ಟೂ ಹೆಚ್ಚುತ್ತದೆ. ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು ಬೇರೆ. ಮೇಣದ ಹೊದಿಕೆಯ ಹಳೆಯ ಪೇಪರ್ ಕೆಪಾಸಿಟರ್‌ಗಳನ್ನು ಒಂದೊಂದಾಗಿ ಕಳಚಿ ಮೀಟರಿನಲ್ಲಿ ನೋಡಿದೆ. ಎಲ್ಲವೂ ಮೈಮೇಲೆ ಬರೆದಷ್ಟೇ ಧಾರಣೆ (ಕೆಪಾಸಿಟೆನ್ಸ್) ತೋರಿಸಿದ್ದರಿಂದ, ಕೆಲವು ಸ್ವಲ್ಪ ಹೆಚ್ಚೇ ತೋರಿಸಿದ್ದರಿಂದ, ಅವುಗಳನ್ನು ಹಾಗೆಯೇ ಉಳಿಸಿಕೊಂಡೆ. ಔಟ್‌ಪುಟ್ ವಾಲ್ವ್ ಸವೆದಿದೆಯೇ, ಅಥವಾ ಅದನ್ನು ಸ್ಪೀಕರಿಗೆ ಜೋಡಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೈಕೊಡುತ್ತಿದೆಯೇ? ಹೊಸ ವಾಲ್ವ್ ತರಿಸುವ ಮೊದಲು ತಿಳಿದವರ ಅಭಿಪ್ರಾಯ ಕೇಳೋಣ ಎಂದು ಬರೆಯುತ್ತಿದ್ದೇನೆ.

ಉತ್ತರ 1

ವಾಲ್ವ್ ತರಿಸುವುದಕ್ಕೆ ಅವಸರ ಬೇಡ. ಮೊದಲು ದೋಷ ಯಾವ ಭಾಗದಲ್ಲಿದೆ ಎಂದು ಗೊತ್ತಾಗಲಿ. ಸೆಟ್ಟಿನ ಹಿಂದೆ ಗ್ರಾಮಫೋನ್ ಸಾಕೆಟ್ ಇದ್ದರೆ, ಅದಕ್ಕೆ ಯಾವುದಾದರೂ ಪ್ಲೇಯರಿನಿಂದ ಹಾಡು ಕೊಟ್ಟು ಅರ್ಧ ಗಂಟೆ ಕೇಳಿ. ಅಲ್ಲಿಯೂ ದನಿ ಒಡೆದರೆ ಇಸಿಎಚ್ 81 ಮತ್ತು ಇಎಫ್ 89 ಇರುವ ಅರ್ಧ ಸೆಟ್ಟನ್ನು ಅನುಮಾನದಿಂದ ಬಿಟ್ಟುಬಿಡಬಹುದು. ಇದನ್ನು ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿನಲ್ಲಿ ಮಾತ್ರ ಮಾಡಬೇಕು. ಚಾಸಿಯೇ ಮೇನ್ಸ್‌ಗೆ ಸೇರಿರುವ ಎಸಿ-ಡಿಸಿ ಸೆಟ್‌ಗಳಿಗೆ ಹೊರಗಿನ ಯಾವ ಸಾಧನವನ್ನೂ ಜೋಡಿಸಬಾರದು.

ಇನ್ನೊಂದು, ಸ್ಪೀಕರನ್ನೂ ನೋಡಿ. ಸೆಟ್ ಆಫ್ ಇರುವಾಗ ಕೋನನ್ನು ಎರಡೂ ಕಡೆ ಬೆರಳ ತುದಿಗಳಿಂದ ಸಮನಾಗಿ ಮೆಲ್ಲಗೆ ಒತ್ತಿ ಬಿಡಿ. ಸುರುಳಿ ಎಲ್ಲಾದರೂ ಉಜ್ಜುತ್ತಿದ್ದರೆ ಮರಳು ತಿಕ್ಕಿದಂಥ ಸದ್ದು ಬೆರಳಿಗೇ ತಿಳಿಯುತ್ತದೆ. ಸಾಧ್ಯವಿದ್ದರೆ ಬೇರೊಂದು ಸ್ಪೀಕರ್ ಹಾಕಿ ಕೇಳಿ. ಆದರೆ ಸ್ಪೀಕರ್ ಇಲ್ಲದೆ ಸೆಟ್ಟನ್ನು ಒಂದು ಕ್ಷಣವೂ ಓಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಸಾಧ್ಯತೆ ಇರುತ್ತದೆ.

ಪ್ರಶ್ನೆ ಕೇಳಿದವರು

ಎರಡನ್ನೂ ಮಾಡಿ ನೋಡಿದೆ. ಸ್ಪೀಕರ್ ನುಣುಪಾಗಿ ಆಡುತ್ತದೆ, ಬೇರೆ ಸ್ಪೀಕರ್ ಹಾಕಿದರೂ ದನಿ ಹಾಗೆಯೇ ಒಡೆಯುತ್ತದೆ. ಗ್ರಾಮಫೋನ್ ಸಾಕೆಟ್ಟಿನಿಂದ ಹಾಡು ಕೊಟ್ಟಾಗಲೂ ಅದೇ ಕಥೆ, ಸುಮಾರು ಅಷ್ಟೇ ಹೊತ್ತಿಗೆ.

ಉತ್ತರ 2

ಹಾಗಾದರೆ ದೋಷ ಇಬಿಸಿ 81ರಿಂದ ಈಚೆಗೆ ಇದೆ. ನನ್ನ ಅನುಮಾನ ಒಂದೇ ಒಂದು ಭಾಗದ ಮೇಲೆ: ಇಬಿಸಿ 81ರ ಆನೋಡಿನಿಂದ (ಸಿಗ್ನಲ್ ಹೊರಬರುವ ತುದಿ) ಇಎಲ್ 84ರ ಗ್ರಿಡ್‌ಗೆ (ಸಿಗ್ನಲ್ ಒಳಹೋಗುವ ತುದಿ) ಹೋಗುವ, ಸಿಗ್ನಲನ್ನು ದಾಟಿಸಿ ಡಿಸಿಯನ್ನು ತಡೆಯುವ ಕಪ್ಲಿಂಗ್ ಕೆಪಾಸಿಟರ್. ತಾವು ಅದನ್ನು ಮೀಟರಿನಲ್ಲಿ ನೋಡಿ ಸರಿಯಿದೆ ಎಂದು ಬಿಟ್ಟಿದ್ದೀರಿ. ಎಡವಿದ್ದು ಅಲ್ಲಿಯೇ ಎನಿಸುತ್ತದೆ, ಮತ್ತು ಹೀಗೆ ಎಡವಿದವರಲ್ಲಿ ತಾವು ಮೊದಲಿಗರೇನಲ್ಲ. ಮೀಟರ್ ಅಳೆಯುವುದು ಕೆಪಾಸಿಟರಿನ ಧಾರಣೆಯನ್ನು, ಅದರ ಸೋರಿಕೆಯನ್ನಲ್ಲ. ಸೋರುವ ಪೇಪರ್ ಕೆಪಾಸಿಟರ್ ಎಷ್ಟೋ ಬಾರಿ ಬರೆದದ್ದಕ್ಕಿಂತ ಹೆಚ್ಚಿನ ಧಾರಣೆಯನ್ನೇ ತೋರಿಸುತ್ತದೆ, ಆದ್ದರಿಂದ ‘ಸ್ವಲ್ಪ ಹೆಚ್ಚೇ ತೋರಿಸಿತು’ ಎಂಬ ಮಾತು ನನಗೆ ಸಮಾಧಾನಕ್ಕಿಂತ ಅನುಮಾನವನ್ನೇ ತಂದಿತು. ಮಲ್ಟಿಮೀಟರಿನ ಓಮ್ ರೇಂಜ್ ಕೂಡ ಇಲ್ಲಿ ಉಪಯೋಗಕ್ಕೆ ಬಾರದು. ಅದು ಕೊಡುವುದು ಕೆಲವೇ ವೋಲ್ಟ್, ಸೋರಿಕೆ ತಲೆ ಎತ್ತುವುದು ನೂರಿನ್ನೂರು ವೋಲ್ಟ್ ಬಿದ್ದಾಗ.

ಇಎಲ್ 84ರ ಗ್ರಿಡ್ ಡಿಸಿ ಲೆಕ್ಕದಲ್ಲಿ ಸೊನ್ನೆ ವೋಲ್ಟ್‌ನಲ್ಲಿರಬೇಕು, ಅದರ ಕ್ಯಾಥೋಡ್ (ಎಲೆಕ್ಟ್ರಾನುಗಳು ಹೊರಡುವ ತುದಿ) ಸುಮಾರು 7 ವೋಲ್ಟ್ ಮೇಲಿರಬೇಕು. ಈ ಅಂತರವೇ ವಾಲ್ವಿನ ಕಡಿವಾಣ. ಕಪ್ಲಿಂಗ್ ಕೆಪಾಸಿಟರಿನ ಒಂದು ತುದಿಯಲ್ಲಿ ಆನೋಡಿನ ಸುಮಾರು 90 ವೋಲ್ಟ್ ಸದಾ ಕೂತಿರುತ್ತದೆ. ಒಳಗಿನ ಕಾಗದ ವರ್ಷಗಟ್ಟಲೆ ತೇವ ಹೀರಿಕೊಂಡು ಹತ್ತಾರು ಮೆಗಾಓಮ್‌ಗೆ ಇಳಿದಿದ್ದರೆ, ಆ 90 ವೋಲ್ಟಿನ ಒಂದು ಪಾಲು ಗ್ರಿಡ್‌ಗೆ ಜಿನುಗುತ್ತದೆ. ಗ್ರಿಡ್ ಧನವಾದಷ್ಟೂ ವಾಲ್ವ್ ಹೆಚ್ಚು ಕರೆಂಟ್ ಎಳೆಯುತ್ತದೆ, ಸಿಗ್ನಲಿನ ಒಂದು ಬದಿ ಚಪ್ಪಟೆಯಾಗುತ್ತದೆ, ನಮಗೆ ದನಿ ಒಡೆದಂತೆ ಕೇಳುತ್ತದೆ. ಕಾಗದದ ನಿರೋಧನ ಶಾಖಕ್ಕೆ ಕುಸಿಯುವುದರಿಂದ ಚಾಸಿ ತಣ್ಣಗಿರುವ ಮೊದಲ ಹದಿನೈದು ನಿಮಿಷ ಎಲ್ಲವೂ ಸರಿಯಿದ್ದಂತೆ ತೋರುತ್ತದೆ.

ಅಳೆಯುವ ಕ್ರಮ ಹೀಗಿರಲಿ. ಮೀಟರಿನ ಕಪ್ಪು ತುದಿಯನ್ನು ಕ್ರೊಕೊಡೈಲ್ ಕ್ಲಿಪ್ಪಿನಿಂದ ಚಾಸಿಗೆ ಸಿಕ್ಕಿಸಿ, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಿ. ಒಳಗೆ 250 ವೋಲ್ಟ್ ಇದೆ ಎಂಬುದು ನೆನಪಿರಲಿ. ಇಎಲ್ 84ರ 2ನೇ ಪಿನ್ ಗ್ರಿಡ್, 3ನೇ ಪಿನ್ ಕ್ಯಾಥೋಡ್, 7ನೇ ಪಿನ್ ಆನೋಡ್. ಈ ಮೂರೂ ಕಡೆ ಆನ್ ಮಾಡಿದ ಎರಡನೆಯ ನಿಮಿಷದಲ್ಲಿ ಒಮ್ಮೆ, ಇಪ್ಪತ್ತನೆಯ ನಿಮಿಷದಲ್ಲಿ ಇನ್ನೊಮ್ಮೆ ವೋಲ್ಟೇಜ್ ಬರೆದುಕೊಳ್ಳಿ. ನಂತರ ಸೆಟ್ ಆಫ್ ಮಾಡಿ, ಫಿಲ್ಟರ್ ಕೆಪಾಸಿಟರ್‌ಗಳನ್ನು 10 ಕಿಲೋಓಮ್‌ನ ದಪ್ಪ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಕಪ್ಲಿಂಗ್ ಕೆಪಾಸಿಟರಿನ ಗ್ರಿಡ್ ಕಡೆಯ ತುದಿಯನ್ನು ಬಿಚ್ಚಿ, ಮತ್ತೆ ಅದೇ ಅಳತೆ ಮಾಡಿ. ಗ್ರಿಡ್ ಸೊನ್ನೆಗೆ ಬಂದರೆ ಅಪರಾಧಿ ಕೆಪಾಸಿಟರ್. ಕೆಪಾಸಿಟರ್ ಇಲ್ಲದಿದ್ದರೂ ಗ್ರಿಡ್ ವೋಲ್ಟೇಜ್ ಏರುತ್ತಾ ಹೋದರೆ ವಾಲ್ವೇ ಕೆಟ್ಟಿದೆ ಎಂದರ್ಥ. ಈ ಒಂದು ಅಳತೆ ಮಾಡದೆ ಹೊಸ ಇಎಲ್ 84 ಹಾಕಿದರೆ ಅದನ್ನೂ ಅದೇ ಬೆಂಕಿಗೆ ನೂಕಿದಂತಾಗುತ್ತದೆ. ಅಳತೆ ಮುಗಿಯುವವರೆಗೆ ಸೆಟ್ಟನ್ನು ಸುಮ್ಮನೆ ಓಡಿಸಬೇಡಿ.

ಪ್ರಶ್ನೆ ಕೇಳಿದವರು

ತಾವು ಹೇಳಿದ ಕ್ರಮದಲ್ಲಿಯೇ ಅಳೆದೆ. ಎರಡನೆಯ ನಿಮಿಷದಲ್ಲಿ ಗ್ರಿಡ್ 1.1 ವೋಲ್ಟ್, ಕ್ಯಾಥೋಡ್ 8 ವೋಲ್ಟ್ ಇತ್ತು. ಇಪ್ಪತ್ತನೆಯ ನಿಮಿಷಕ್ಕೆ ಗ್ರಿಡ್ 8 ವೋಲ್ಟ್, ಕ್ಯಾಥೋಡ್ 12.3 ವೋಲ್ಟ್ ಆಗಿತ್ತು, ಆನೋಡ್ 240ರಿಂದ 205ಕ್ಕೆ ಇಳಿದಿತ್ತು. ಕ್ಯಾಥೋಡ್ ರೆಸಿಸ್ಟರ್ 150 ಓಮ್. ಕೆಪಾಸಿಟರಿನ ತುದಿ ಬಿಚ್ಚಿ ಮತ್ತೆ ಇಪ್ಪತ್ತು ನಿಮಿಷ ಬಿಟ್ಟು ನೋಡಿದಾಗ ಗ್ರಿಡ್ 0.4 ವೋಲ್ಟ್, ಕ್ಯಾಥೋಡ್ 7.6 ವೋಲ್ಟ್. ಗ್ರಿಡ್‌ನಿಂದ ಚಾಸಿಗೆ ಇರುವ ರೆಸಿಸ್ಟರ್ 680 ಕಿಲೋಓಮ್. ಬಿಚ್ಚಿದ ಕೆಪಾಸಿಟರನ್ನು ತಿರುಗಿಸಿ ನೋಡಿದಾಗ ಒಂದು ತುದಿಯ ಮೇಣ ಕರಗಿ, ಕೆಳಗಿನ ಟ್ಯಾಗಿನ ಮೇಲೆ ಕಂದು ಹನಿಯಾಗಿ ಗಟ್ಟಿಯಾಗಿತ್ತು. ಇಷ್ಟು ದಿನ ಅದನ್ನು ಧೂಳು ಎಂದುಕೊಂಡಿದ್ದೆ. ಆ ಉಳಿದ 0.4 ವೋಲ್ಟ್ ಎಲ್ಲಿಂದ ಬರುತ್ತಿದೆ, ಅದಕ್ಕೆ ಹೆದರಬೇಕೆ? ಹಮ್‌ಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ 2

ಲೆಕ್ಕ ಸ್ಪಷ್ಟವಾಗಿದೆ. 150 ಓಮ್‌ನ ಮೇಲೆ 12.3 ವೋಲ್ಟ್ ಎಂದರೆ 82 ಮಿಲಿಆಂಪಿಯರ್. ಇರಬೇಕಾದದ್ದು 50ರ ಆಸುಪಾಸು. ಉಳಿದ ವಾಲ್ವ್‌ಗಳ ಕರೆಂಟನ್ನೂ ಸೇರಿಸಿದರೆ ಇಜೆಡ್ 80ರ 90 ಮಿಲಿಆಂಪಿಯರ್ ಮಿತಿಯನ್ನು ದಾಟಿಯೇ ಇರುತ್ತದೆ, ಇಎಲ್ 84ರ ಆನೋಡ್ ಕೂಡ ತನ್ನ 12 ವ್ಯಾಟ್ ಮಿತಿಗಿಂತ ಮೇಲೆ ಬೇಯುತ್ತಿತ್ತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಉಳಿದುಕೊಂಡದ್ದು ಅದೃಷ್ಟ.

ಹಮ್‌ಗೂ ಇದಕ್ಕೂ ನೇರ ಸಂಬಂಧವಿದೆ. ಫಿಲ್ಟರ್ ಕೆಪಾಸಿಟರಿನ ಮೇಲೆ ಉಳಿಯುವ 100 ಹರ್ಟ್ಸ್ ಅಲೆ ಎಳೆಯುವ ಕರೆಂಟಿನ ಜೊತೆಗೆ ಬೆಳೆಯುತ್ತದೆ. ಸೆಟ್ ಬಿಸಿಯಾದಂತೆ ಕರೆಂಟ್ ಏರಿತು, ಹಮ್ ಕೂಡ ಏರಿತು. ಹೊಸ ಕಪ್ಲಿಂಗ್ ಕೆಪಾಸಿಟರ್ ಹಾಕಿದ ಮೇಲೂ ಹಮ್ ಉಳಿದರೆ ಆಗ ಬೇರೆ ಕಾರಣ ಹುಡುಕೋಣ. ಆದರೆ ಅದನ್ನು ಇಳಿಸಲೆಂದು ಮೊದಲ ಫಿಲ್ಟರ್ ಕೆಪಾಸಿಟರನ್ನು 50 ಮೈಕ್ರೋಫ್ಯಾರಡ್‌ಗಿಂತ ದೊಡ್ಡದು ಮಾಡಬೇಡಿ, ಇಜೆಡ್ 80ಕ್ಕೆ ಅದೇ ಮಿತಿ.

ಉಳಿದ 0.4 ವೋಲ್ಟ್ ವಾಲ್ವಿನದೇ. ಅತಿಯಾಗಿ ಕಾದ ವಾಲ್ವಿನ ಗ್ರಿಡ್ ತಾನೇ ಎಲೆಕ್ಟ್ರಾನುಗಳನ್ನು ಉಗುಳತೊಡಗುತ್ತದೆ. 680 ಕಿಲೋಓಮ್‌ನ ಮೇಲೆ 0.4 ವೋಲ್ಟ್ ಎಂದರೆ 0.6 ಮೈಕ್ರೋಆಂಪಿಯರ್. ಈಗ ಅದಕ್ಕಾಗಿ ವಾಲ್ವ್ ಎಸೆಯುವ ಅಗತ್ಯ ನನಗೆ ಕಾಣುವುದಿಲ್ಲ. ಗ್ರಿಡ್ ರೆಸಿಸ್ಟರನ್ನು 470 ಕಿಲೋಓಮ್‌ಗೆ ಇಳಿಸಿ, ಒಂದು ಗಂಟೆ ಓಡಿಸಿ ನೋಡಿ. ಒಂದು ವೋಲ್ಟ್ ದಾಟಿ ಏರುತ್ತಲೇ ಹೋದರೆ ಬದಲಿಸಿ.

ಉತ್ತರ 3

ಒಂದೆರಡು ಮಾತು ಸೇರಿಸುತ್ತೇನೆ. ಒಂದು ಪೇಪರ್ ಕೆಪಾಸಿಟರ್ ಸೋರಿದ ಸೆಟ್ಟಿನಲ್ಲಿ ಉಳಿದವುಗಳನ್ನು ನಂಬುವುದು ಕಷ್ಟ, ಎಲ್ಲವನ್ನೂ ಫಿಲ್ಮ್ ಕೆಪಾಸಿಟರ್‌ಗಳಿಂದ ಬದಲಿಸಿ. ಕಪ್ಲಿಂಗಿಗೆ 400 ವೋಲ್ಟಿನದು ಸಾಕು. ಆದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ ಅಡ್ಡಲಾಗಿರುವ ಚಿಕ್ಕ ಕೆಪಾಸಿಟರಿಗೆ 1000 ವೋಲ್ಟಿಗಿಂತ ಕಡಿಮೆಯದನ್ನು ಹಾಕಬೇಡಿ, ಸಿಗ್ನಲ್ ಜೋರಾದಾಗ ಅಲ್ಲಿನ ವೋಲ್ಟೇಜ್ ಸರಬರಾಜಿಗಿಂತ ಬಹಳ ಮೇಲೆ ಜಿಗಿಯುತ್ತದೆ. ಹುರುಪಿನಲ್ಲಿ ಐಎಫ್ ಡಬ್ಬಿಗಳೊಳಗಿನ (ಸ್ಟೇಷನ್ ಬೇರ್ಪಡಿಸುವ ಸುರುಳಿಗಳಿರುವ ಲೋಹದ ಡಬ್ಬಿಗಳು) ಮೈಕಾ ಕೆಪಾಸಿಟರ್‌ಗಳಿಗೆ ಮಾತ್ರ ಕೈ ಹಾಕಬೇಡಿ. ಅವು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ, ಬದಲಿಸಿದರೆ ಇಡೀ ಅಲೈನ್‌ಮೆಂಟ್ (ಟ್ಯೂನಿಂಗ್ ಹೊಂದಾಣಿಕೆ) ಮತ್ತೆ ಮಾಡಬೇಕಾಗುತ್ತದೆ.

ಕರಕರ ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲ. ವಾಲ್ಯೂಮ್ ಕಂಟ್ರೋಲಿಗೆ ಕ್ಲೀನರ್ ಹಾಕುವ ಮೊದಲು ಅದರ ನಡುವಿನ ಪಿನ್ನಿನಿಂದ ಇಬಿಸಿ 81ರ ಗ್ರಿಡ್‌ಗೆ ಹೋಗುವ 0.01 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಬದಲಿಸಿ. ಈ ಬಗೆಯ ಸೆಟ್‌ಗಳಲ್ಲಿ ಆ ಗ್ರಿಡ್‌ನ ರೆಸಿಸ್ಟರ್ ಸಾಮಾನ್ಯವಾಗಿ 10 ಮೆಗಾಓಮ್‌ನಷ್ಟು ದೊಡ್ಡದಿರುತ್ತದೆ, ಕೂದಲೆಳೆಯ ಸೋರಿಕೆಯೂ ಅಲ್ಲಿ ದೊಡ್ಡದಾಗುತ್ತದೆ. ಡಿಟೆಕ್ಟರಿನ ಡಿಸಿ ಆ ದಾರಿಯಲ್ಲಿ ನುಸುಳಿದರೆ ಪ್ರಬಲ ಸ್ಟೇಷನ್‌ಗಳಲ್ಲಿ ದನಿ ಕೆಡುತ್ತದೆ, ನಾಬ್ ತಿರುಗಿಸಿದಾಗಲೆಲ್ಲ ಕರಕರ ಎನ್ನುತ್ತದೆ.

ಪ್ರಶ್ನೆ ಕೇಳಿದವರು

ಪೇಪರ್ ಕೆಪಾಸಿಟರ್‌ಗಳೆಲ್ಲವನ್ನೂ ಬದಲಿಸಿ, ಗ್ರಿಡ್ ರೆಸಿಸ್ಟರನ್ನು 470 ಕಿಲೋಓಮ್ ಮಾಡಿದೆ. ಒಂದೂವರೆ ಗಂಟೆ ಓಡಿಸಿದ ಮೇಲೂ ಗ್ರಿಡ್ 0.3 ವೋಲ್ಟ್, ಕ್ಯಾಥೋಡ್ 7.5 ವೋಲ್ಟ್‌ನಲ್ಲಿ ನಿಂತಿದೆ, ದನಿ ಮೊದಲ ನಿಮಿಷದಂತೆಯೇ ಇದೆ. ಹಮ್ ಈಗ ಸ್ಪೀಕರಿನ ಬಟ್ಟೆಗೆ ಕಿವಿ ತಾಗಿಸಿದರೆ ಮಾತ್ರ ಕೇಳುತ್ತದೆ. ಕರಕರ ಬಹುಪಾಲು ಹೋಗಿದೆ, ನಾಬಿನ ಕೊನೆಯ ತುದಿಯಲ್ಲಿ ಮಾತ್ರ ಸ್ವಲ್ಪ ಉಳಿದಿದೆ, ಅಲ್ಲಿ ಟ್ರ್ಯಾಕ್ ಸವೆದಿರುವುದು ಕಣ್ಣಿಗೇ ಕಾಣುತ್ತದೆ. ಅಷ್ಟು ಜೋರಾಗಿ ನಾನು ಕೇಳುವುದಿಲ್ಲವಾದ್ದರಿಂದ ಅದನ್ನು ಹಾಗೆಯೇ ಬಿಟ್ಟಿದ್ದೇನೆ.