ಸ್ಮರಣ ಸಂಚಿಕೆಯಲ್ಲಿ ತಪ್ಪು ಬ್ಯಾನರಿನ ಕಥೆ ಬರೆಯಬಹುದೇ?

ಅರಸೀಕೆರೆಯವಳು:

ಹಾಸನದಲ್ಲಿ ಬಿ.ಎಸ್ಸಿ. ಕೃಷಿ ಓದುತ್ತಿದ್ದೇನೆ. ಎಂಟನೆಯ ಸೆಮಿಸ್ಟರ್ ಮುಗಿಯಲು ಕೆಲವೇ ವಾರಗಳಿವೆ. ತರಗತಿಯವರೆಲ್ಲ ಸೇರಿ ಸ್ಮರಣ ಸಂಚಿಕೆ ತರುತ್ತಿದ್ದೇವೆ, ಒಬ್ಬೊಬ್ಬರಿಗೆ ಒಂದು ಪುಟ. ಸಂಪಾದಕರಾಗಿರುವ ಗೆಳೆಯರು ಸಿಹಿ ನೆನಪುಗಳೇ ಇರಲಿ ಎಂದಿದ್ದಾರೆ. ಗೊರೂರು ಅಣೆಕಟ್ಟೆಗೆ ಹೋದದ್ದು, ಹಾಸನಾಂಬೆಯ ದರ್ಶನಕ್ಕೆ ಇಡೀ ದಿನ ಸರದಿಯಲ್ಲಿ ನಿಂತದ್ದು, ಹಾಸ್ಟೆಲಿನ ಉಪ್ಪಿಟ್ಟು, ಇವೆಲ್ಲ ನನಗೂ ಇವೆ. ಆದರೆ ಇವನ್ನು ಉಳಿದವರು ಹೇಗೂ ಬರೆಯುತ್ತಾರೆ. ನನಗೆ ಬರೆಯಬೇಕೆನಿಸಿರುವುದು ಒಂದು ಬ್ಯಾನರಿನ ವಿಷಯ.

ಏಳನೆಯ ಸೆಮಿಸ್ಟರಿನಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಯಲ್ಲಿ ಇರಬೇಕಾಗುತ್ತದೆ. ನಾವು ಅದನ್ನು 'ರಾವೆ' ಎನ್ನುತ್ತೇವೆ. ಆಲೂರು ತಾಲ್ಲೂಕಿನ ಒಂದು ಊರಿಗೆ ಆರು ಜನ ಹೋದೆವು. ನಾನು ತೆಂಗು, ರಾಗಿಯ ನಾಡಿನವಳು. ಆಲೂಗಡ್ಡೆಯನ್ನು ಸಾರಿನಲ್ಲಿ ಕಂಡದ್ದೇ ಹೆಚ್ಚು. ದೇವಸ್ಥಾನದ ಮುಂದೆ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸಿ ಎಲ್ಲರಿಂದ ಹೊಗಳಿಸಿಕೊಂಡಿದ್ದೆವು, ಹಾಗಾಗಿ ಧೈರ್ಯ ಸ್ವಲ್ಪ ಹೆಚ್ಚಿತ್ತು.

ನಮಗೆ ಜಾಗ ಕೊಟ್ಟ ಯಜಮಾನರು ಜಲಂಧರಿನಿಂದ ಬಂದ ಬಿತ್ತನೆ ಗಡ್ಡೆ ತಂದು ಎರಡು ಎಕರೆಗೆ ಕುಫ್ರಿ ಜ್ಯೋತಿ ತಳಿಯ ಆಲೂಗಡ್ಡೆ ಹಾಕಿದ್ದರು. ಸೋನೆ ಮಳೆ ಹಿಡಿದು ಬಿಡಲೇ ಇಲ್ಲ. ಆಲೂಗಡ್ಡೆ ಗಿಡಕ್ಕೆ ಬರುವ ಅಂಗಮಾರಿ ರೋಗದ ಭಯ ಎಲ್ಲರಲ್ಲೂ ಇತ್ತು. ಸರಿ, ಅದರ ಬಗ್ಗೆಯೇ ಪ್ರಾತ್ಯಕ್ಷಿಕೆ ಮಾಡೋಣವೆಂದು ಹಾಸನಕ್ಕೆ ಹೋಗಿ ಆರು ಅಡಿಯ ಫ್ಲೆಕ್ಸ್ ಮಾಡಿಸಿಕೊಂಡು ಬಂದೆವು. ಭಾಷಣ ನನ್ನದು. ಇದೇ ರೋಗ ತಂದ 1845ರ ಐರ್ಲೆಂಡಿನ ಕ್ಷಾಮದಿಂದ ಆರಂಭಿಸಿದೆ! ಮೂವತ್ತು ರೈತರು ಕೊಡೆ ಹಿಡಿದುಕೊಂಡು ಐರ್ಲೆಂಡಿನ ಕಥೆ ಕೇಳಿದರು.

ಭಾಷಣ ಮುಗಿದ ಮೇಲೆ ಯಜಮಾನರು ಫ್ಲೆಕ್ಸಿನ ಹತ್ತಿರ ಬಂದು ಚಿತ್ರವನ್ನೇ ನೋಡುತ್ತ ನಿಂತರು. ಎಲೆಯ ಮೇಲೆ ಕಂದು ಕಲೆ, ಅದರಲ್ಲಿ ಬಳೆಯೊಳಗೆ ಬಳೆ ಇಟ್ಟಂಥ ಗೆರೆಗಳು. "ಇದು ಬೇರೆ ರೋಗದ ಎಲೆಯಮ್ಮ. ಇದು ಬಂದರೆ ನಾನು ರಾತ್ರಿ ಮಲಗುತ್ತೇನೆ. ನೀವು ಹೇಳುತ್ತಿರುವುದು ಬಂದರೆ ಮಲಗುವುದಿಲ್ಲ" ಎಂದರು. ಅಂಗಮಾರಿಯಲ್ಲಿ ಎರಡು ಬಗೆ. ಬಳೆಗೆರೆ ಮೂಡುವುದು ಮೊದಲು ಬರುವ ಅಂಗಮಾರಿಯಲ್ಲಿ. ನಾನು ಹೇಳುತ್ತಿದ್ದದ್ದು ತಡವಾಗಿ ಬರುವುದನ್ನು; ಅದರಲ್ಲಿ ಎಲೆ ನೀರಿನಲ್ಲಿ ನೆನೆದಂತೆ ಕಪ್ಪಾಗುತ್ತದೆ, ಬೆಳಗಿನ ಹೊತ್ತು ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು ಕಾಣುತ್ತದೆ, ವಾರದೊಳಗೆ ಹೊಲವೇ ಮಲಗಿಬಿಡುತ್ತದೆ. ಪರೀಕ್ಷೆಯಲ್ಲಿ ಈ ವ್ಯತ್ಯಾಸ ಬರೆದು ಪೂರ್ತಿ ಅಂಕ ಪಡೆದವಳು ನಾನು.

ನಾಲ್ಕು ವರ್ಷದಲ್ಲಿ ನನಗೆ ಅತ್ಯಂತ ಸ್ಪಷ್ಟವಾಗಿ ನೆನಪಿರುವ ಗಳಿಗೆ ಇದು. ಸಂಚಿಕೆಯಲ್ಲಿ ಬರೆಯಲೇ?

ಹಳೆಯ ಹಾಸ್ಟೆಲಿಗ:

ಬರೆಯಿರಿ ತಂಗಿ. ನಮ್ಮ ಸಂಚಿಕೆ ಇನ್ನೂ ನನ್ನ ಬೀರುವಿನಲ್ಲಿದೆ. ಪ್ರತಿ ಪುಟದಲ್ಲೂ 'ಬಾಳಿನ ಸುವರ್ಣ ದಿನಗಳು'. ಹೆಸರು ಮುಚ್ಚಿದರೆ ಯಾವ ಪುಟ ಯಾರದೆಂದು ಬರೆದವರಿಗೂ ತಿಳಿಯುವುದಿಲ್ಲ. ಒಬ್ಬ ಮಾತ್ರ ಮೆಸ್ಸಿನ ಬಾಕಿ ಲೆಕ್ಕ ಬರೆದಿದ್ದ, ಯಾರು ಎಷ್ಟು ಕೊಡಬೇಕು ಎಂಬುದರ ಸಮೇತ. ಈಗ ಸೇರಿದಾಗಲೆಲ್ಲ ನಾವು ಓದುವುದು ಆ ಪುಟವನ್ನೇ. (ನನ್ನದು ಇನ್ನೂರ ಹತ್ತು ರೂಪಾಯಿ. ಕೊಟ್ಟಿಲ್ಲ.)

ಫ್ಲೆಕ್ಸ್ ಮಾಡಿಸಿದವನು:

ಇದು ಇಲ್ಲಿಗೂ ಬಂತೇ! ಆ ಆರು ಜನರಲ್ಲಿ ನಾನೂ ಒಬ್ಬ. ಚಿತ್ರ ಹುಡುಕಿದ್ದು ನಾನೇ, ಒಪ್ಪಿಕೊಳ್ಳುತ್ತೇನೆ. ಆದರೆ ಅಂಗಡಿಯಿಂದ ಮೊಬೈಲಿಗೆ ಕಳಿಸಿದಾಗ 'ಅಂಗಮಾರಿ' ಎಂಬುದರ ದೀರ್ಘ ತಿದ್ದಿ, ಚಿತ್ರ ಚೆನ್ನಾಗಿದೆ ಎಂದವಳು ನೀನು. ಅದನ್ನೂ ಬರೆ. ಸಂಚಿಕೆಯನ್ನು ನಮ್ಮ ಮನೆಯಲ್ಲೂ ಓದುತ್ತಾರೆ, ಅಪ್ಪನಿಗೆ ನಾನೊಬ್ಬನೇ ದಡ್ಡನಾಗಿ ಕಾಣಬಾರದು.

ಕೊಡೆ ಹಿಡಿದವನು:

ನೋಡಮ್ಮ, ನಾನೂ ಆಲೂರು ಕಡೆಯ ಬೆಳೆಗಾರ. ಇಲ್ಲಿ ಕೇಳುವ ಬದಲು ಆ ಯಜಮಾನರನ್ನು ಒಂದು ಮಾತು ಕೇಳಬೇಕಿತ್ತು. ಅವರ ಹೊಲ, ಅವರ ಮಾತು. ಇನ್ನೊಂದು, ಆ ವರ್ಷ ಅವರಿಗೆ ಗಡ್ಡೆ ಸಿಕ್ಕಿತೋ ಇಲ್ಲವೋ? ಇಷ್ಟುದ್ದ ಬರೆದವರು ಅದನ್ನೇ ಬಿಟ್ಟಿದ್ದೀರಿ.

ಅರಸೀಕೆರೆಯವಳು:

ನಿಮ್ಮ ಮಾತು ಚುಚ್ಚಿತು ಅಣ್ಣ. ನಿನ್ನೆ ಸಂಜೆ ಯಜಮಾನರಿಗೆ ಫೋನ್ ಮಾಡಿದೆ. ಮೊದಲೇ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಹೊಡೆದಿದ್ದರಿಂದ ಮೇಲಿನ ಹೊಲ ಉಳಿಯಿತಂತೆ. ತಗ್ಗಿನಲ್ಲಿ ನೀರು ನಿಲ್ಲುವ ಕಡೆ ಗಿಡ ಕೊಳೆತು, ಅಲ್ಲಿ ಬಿತ್ತನೆಯ ದುಡ್ಡೂ ಹುಟ್ಟಲಿಲ್ಲವಂತೆ. ನಾವು ಆಗಲೇ ಊರು ಬಿಟ್ಟಿದ್ದೆವು. ವರದಿಯಲ್ಲಿ 'ಪ್ರಾತ್ಯಕ್ಷಿಕೆ ಯಶಸ್ವಿ' ಎಂದು ಬರೆದಿದ್ದೆವು ಬೇರೆ.

ಬರೆಯಲು ಅವರು ಒಪ್ಪಿದ್ದಾರೆ, ಆದರೆ ಒಂದು ತಿದ್ದುಪಡಿ ಹೇಳಿದರು: "ಎರಡು ಎಕರೆ ಅಲ್ಲ, ಒಂದು ಎಕರೆ ಮೂವತ್ತು ಗುಂಟೆ. ನೀವು ಓದಿದವರು ಹತ್ತು ಗುಂಟೆಯನ್ನು ಸುಮ್ಮನೆ ಸೇರಿಸುತ್ತೀರಿ." ಫ್ಲೆಕ್ಸ್ ಏನಾಯಿತೆಂದು ಕೇಳಿದೆ. ಕೊಟ್ಟಿಗೆಯ ಪಕ್ಕ ಒಟ್ಟಿದ ಸೌದೆಯ ಮೇಲೆ ಹೊದಿಸಿದ್ದಾರಂತೆ, ಚಿತ್ರ ಒಳಮುಖವಾಗಿ. ಒಂದು ಹನಿಯೂ ಸೋರುವುದಿಲ್ಲವಂತೆ.