ಬಯಲಿನಲ್ಲಿ ನಿಂತ ಡಕೋಟಾ: ಬಣ್ಣದಡಿ ಬಿಳಿ ಪುಡಿ, ಎಲ್ಲಿಂದ ಶುರು ಮಾಡುವುದು?

ಟೇಲ್‌ವೀಲ್47 ಕೇಳಿದ್ದು:

ವರ್ಷಗಟ್ಟಲೆ ಬಯಲಿನಲ್ಲೇ ನಿಂತಿರುವ ಎರಡನೇ ಮಹಾಯುದ್ಧ ಕಾಲದ ಒಂದು ಸಿ-47 ಡಕೋಟಾ ಸಾಗಣೆ ವಿಮಾನವನ್ನು ಪ್ರದರ್ಶನಕ್ಕೆ ಉಳಿಸಿಕೊಳ್ಳುವ ಕೆಲಸ ನಮ್ಮ ತಂಡದ್ದು. ಹಾರಿಸುವ ಮಾತಿಲ್ಲ, ಆದರೆ ಇನ್ನೂ ಐವತ್ತು ವರ್ಷ ನಿಲ್ಲಬೇಕು. ಎರಡು ಎಂಜಿನ್‌ಗಳೂ ಜಾಗದಲ್ಲೇ ಇವೆ. ಹೊಟ್ಟೆಯ ಭಾಗದಲ್ಲಿ, ಹೊರ ರೆಕ್ಕೆ ಕೂಡುವಲ್ಲಿ ಬಣ್ಣ ಉಬ್ಬಿದೆ. ಒತ್ತಿದರೆ ಬಿಳಿ ಪುಡಿ ಉದುರುತ್ತದೆ. ಎರಡೂ ಮುಖ್ಯ ಟೈರ್ ನೆಲಕಚ್ಚಿವೆ. ನೋಡಲು ಬಂದವರು ಪ್ರೊಪೆಲರ್ ಹಿಡಿದು ತಿರುಗಿಸುತ್ತಾರೆ.

ಬಣ್ಣವನ್ನೆಲ್ಲ ಕಿತ್ತು, ಉಜ್ಜಿ, ಹೊಸದಾಗಿ ಬಳಿದು, ಮಳೆಗಾಲಕ್ಕೆ ಟಾರ್ಪಾಲಿನ್ ಹೊದಿಸುವುದು ಎಂದು ಯೋಚನೆ. ಕೆಲಸದ ಕ್ರಮ ಸರಿಯೇ?

---

ಅಲ್‌ಕ್ಲಾಡ್ ಉತ್ತರ:

ಕ್ರಮ ತಿರುಗಾಮುರುಗಾ ಆಗಿದೆ. ಬಣ್ಣ ಕೊನೆಯ ಕೆಲಸ. ಮೊದಲು ನೀರು ಎಲ್ಲಿ ನಿಲ್ಲುತ್ತಿದೆ ಎಂದು ಹುಡುಕಿ. ಒಳಗೆ ನೀರು ನಿಂತಿರುವಾಗ ಹೊರಗೆ ಎಷ್ಟು ಒಳ್ಳೆಯ ಬಣ್ಣ ಬಳಿದರೂ ಎರಡನೇ ಮಳೆಗಾಲಕ್ಕೆ ಅದೇ ಜಾಗದಲ್ಲಿ ಉಬ್ಬುತ್ತದೆ.

ಒಂದು ಜೋರು ಮಳೆಯ ಮರುದಿನ ಕಾರ್ಗೋ ನೆಲದ ಹಲಗೆಗಳನ್ನು ಎತ್ತಿ ನೋಡಿ. ಅಡಿಯಲ್ಲಿ ಮಣ್ಣು, ಎಲೆ, ಹಕ್ಕಿಗೂಡಿನ ಕಸ ಸೇರಿ ಒದ್ದೆ ಮೆತ್ತೆಯಂತೆ ಕೂತಿರುತ್ತದೆ. ಅದನ್ನು ವ್ಯಾಕ್ಯೂಮ್‌ನಿಂದ ತೆಗೆಯಿರಿ. ಹೊಟ್ಟೆಯಲ್ಲಿ, ರೆಕ್ಕೆಯ ಹಿಂಬದಿಯಲ್ಲಿ, ಎಲಿವೇಟರ್‌ನ (ಬಾಲದ ಅಡ್ಡರೆಕ್ಕೆಯಲ್ಲಿ ಮೇಲೆ ಕೆಳಗೆ ಆಡುವ ಭಾಗ) ಹಿಂದಿನ ಅಂಚಿನಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ. ಅವನ್ನು ನೈಲಾನ್ ಅಥವಾ ಬಿದಿರಿನ ಕಡ್ಡಿಯಿಂದ ಬಿಡಿಸಿ, ಕಬ್ಬಿಣದ ತಂತಿ ಹಾಕಬೇಡಿ. ಆಮೇಲೆ ಒಳಗಿನಿಂದ ಒಂದೊಂದು ಚೊಂಬು ನೀರು ಹುಯ್ದು, ಯಾವ ತೂತಿನಿಂದ ಹೊರಬಂತು ಎಂದು ಗುರುತು ಮಾಡಿಕೊಳ್ಳಿ. ಬಾರದೆ ಉಳಿದ ನೀರು ಎಲ್ಲಿದೆಯೋ ಕಾಯಿಲೆ ಅಲ್ಲಿದೆ.

ಮೂರು ಜಾಗಗಳನ್ನು ವಿಶೇಷವಾಗಿ ನೋಡಿ. ಬ್ಯಾಟರಿ ಕೂರುವ ಜಾಗದಲ್ಲಿ ಆಮ್ಲ ಚೆಲ್ಲಿರುತ್ತದೆ. ಅಡುಗೆ ಸೋಡಾ ಕದಡಿದ ನೀರನ್ನು ನೊರೆ ಏಳುವುದು ನಿಲ್ಲುವವರೆಗೂ ಹಾಕಿ, ಆಮೇಲೆ ಧಾರಾಳ ನೀರಿನಲ್ಲಿ ತೊಳೆಯಿರಿ. ಹಿಂದಿನ ಶೌಚದ ಕೆಳಗಿನ ತಗಡು ಯಾವ ಡಕೋಟಾದಲ್ಲೂ ಒಳ್ಳೆಯ ಸ್ಥಿತಿಯಲ್ಲಿ ಇರುವುದಿಲ್ಲ. ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಹೊರ ರೆಕ್ಕೆ ಮತ್ತು ನಡುಭಾಗ ಕೂಡುವ ಕೋನಪಟ್ಟಿ. ರೆಕ್ಕೆಯ ಸುತ್ತಲೂ ನೂರಾರು ಬೋಲ್ಟ್‌ಗಳು ಸಾಲಾಗಿ ಕೂತಿರುತ್ತವೆ, ಮೇಲೆ ಒಂದು ತೆಳು ಮುಚ್ಚುಪಟ್ಟಿ. ಆ ಪಟ್ಟಿಯಡಿ ನುಗ್ಗಿದ ನೀರಿಗೆ ಹೊರಬರಲು ದಾರಿ ಇಲ್ಲ. ನೀವು ಹೇಳಿದ ಉಬ್ಬು ಅಲ್ಲೇ ಇದೆ. ಇಂದೇ ಬಿಚ್ಚಿ ನೋಡಿ.

ಉಜ್ಜುವ ವಿಚಾರ. ಮೈತಗಡು 24ಎಸ್‌ಟಿ ಎಂಬ ಮಿಶ್ರಲೋಹ, ಅದರಲ್ಲಿ ನೂರಕ್ಕೆ ನಾಲ್ಕು ಚಿಲ್ಲರೆ ಪಾಲು ತಾಮ್ರ. ಬಲ ಬರುವುದು ತಾಮ್ರದಿಂದ, ಬೇಗ ಕೊರೆದು ಹೋಗುವುದೂ ಅದರಿಂದಲೇ. ಅದಕ್ಕೇ ಎರಡೂ ಮುಖಕ್ಕೆ ಶುದ್ಧ ಅಲ್ಯೂಮಿನಿಯಂ ಪದರ ಹೊದಿಸಿರುತ್ತಾರೆ, ತೆಳು ತಗಡಿನಲ್ಲಿ ಮುಖವೊಂದಕ್ಕೆ ದಪ್ಪದ ನೂರಕ್ಕೆ ಐದರಷ್ಟು. ತಗಡು 0.8 ಮಿ.ಮೀ. ಇದ್ದರೆ ಈ ಪದರ 0.04 ಮಿ.ಮೀ. ಬರೆಯುವ ಕಾಗದದ ಅರ್ಧ ದಪ್ಪವೂ ಇಲ್ಲ. ಗ್ರೈಂಡರ್‌ಗೆ ಡಿಸ್ಕ್ ಹಾಕಿ ಹಿಡಿದರೆ ಎರಡೇ ನಿಮಿಷದಲ್ಲಿ ಹೋಯಿತು. ಆಮೇಲೆ ಆ ಜಾಗ ಮೊದಲಿಗಿಂತ ಬೇಗ ಕೊಳೆಯುತ್ತದೆ. ಸ್ಟೀಲ್ ವುಲ್, ಕಬ್ಬಿಣದ ಬ್ರಷ್ ಬೇಡವೇ ಬೇಡ. ಅವುಗಳ ಕಣ ಅಲ್ಯೂಮಿನಿಯಂನಲ್ಲಿ ಹೂತು, ತೇವ ಸಿಕ್ಕಿದ ಕೂಡಲೇ ಒಂದೊಂದೂ ಪುಟ್ಟ ಬ್ಯಾಟರಿಯಾಗುತ್ತದೆ. ಪುಡಿ ಇರುವ ಕಡೆ ಮಾತ್ರ ನಯವಾದ ನೈಲಾನ್ ಪ್ಯಾಡ್ ಬಳಸಿ, ಅದನ್ನೂ ಒದ್ದೆಯಾಗಿಯೇ.

ಒದ್ದೆಯಾಗಿ ಎಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಆ ಕಾಲದ ಹಳದಿ-ಹಸಿರು ಪ್ರೈಮರ್ ಜಿಂಕ್ ಕ್ರೋಮೇಟ್. ಅದರ ದೂಳು ಕ್ಯಾನ್ಸರ್‌ಕಾರಕ. ಪಿ100 ಎಂಬ ನುಣುಪು ದೂಳು ತಡೆಯುವ ಫಿಲ್ಟರ್‌ನ ಮುಖಗವಸು, ಕೈಗವಸು ಇಲ್ಲದೆ ಯಾರೂ ಮುಟ್ಟಬಾರದು. ತೊಳೆದ ನೀರನ್ನು ನೆಲಕ್ಕೆ ಬಿಡದೆ ಹಿಡಿದಿಡಿ.

ಪುಡಿ ಪೂರ್ತಿ ಹೋದ ಮೇಲೆ ಫಾಸ್ಫಾರಿಕ್ ಆಮ್ಲದ ತೊಳೆತ, ಕನ್ವರ್ಷನ್ ಲೇಪ (ಬಣ್ಣ ಹಿಡಿಯುವಂತೆ ಲೋಹದ ಮೇಲ್ಮೈಯನ್ನೇ ಬದಲಿಸುವ ರಾಸಾಯನಿಕ), ಅದೇ ದಿನ ಎಪಾಕ್ಸಿ ಪ್ರೈಮರ್, ಆಮೇಲೆ ಪಾಲಿಯುರೆಥೇನ್. ತೊಳೆದ ಲೋಹವನ್ನು ಬರಿಗೈಲಿ ಮುಟ್ಟಿದರೆ ಬೆರಳಚ್ಚಿನ ಉಪ್ಪೇ ಬಣ್ಣವನ್ನು ಎಬ್ಬಿಸುತ್ತದೆ. ಬಣ್ಣ ಕೀಳುವ ರಾಸಾಯನಿಕವನ್ನು ಇಡೀ ಮೈಗೆ ಹಚ್ಚಬೇಡಿ. ತಗಡಿನ ಮೇಲೆ ತಗಡು ಕೂತ ಸಂದಿಗಳಿಗೆ ಇಳಿದರೆ ಮತ್ತೆ ಹೊರಬರುವುದಿಲ್ಲ.

ಟಾರ್ಪಾಲಿನ್ ಹೊದಿಸುವುದನ್ನು ಕೈಬಿಡಿ. ಗಾಳಿಗೆ ಪಟಪಟ ಬಡಿದು ಬಣ್ಣ ಸವೆಸುತ್ತದೆ, ಒಳಗಿನ ತೇವ ಹಿಡಿದಿಡುತ್ತದೆ. ರಾತ್ರಿ ತಗಡು ತಣ್ಣಗಾದಾಗ ಒಳಮೈಗೆ ಇಬ್ಬನಿ ಕೂರುತ್ತದೆ, ಅದು ಬೆಳಗ್ಗೆ ಆರಬೇಕಾದರೆ ಗಾಳಿ ಆಡಬೇಕು. ಮುಂದೊಂದು ಹಿಂದೊಂದು ಕಿಂಡಿ ಬಿಟ್ಟು ಹಕ್ಕಿ ನುಗ್ಗದಂತೆ 12 ಮಿ.ಮೀ. ಜಾಲರಿ ಹಾಕಿ. ಕಾಕ್‌ಪಿಟ್ ಗಾಜಿಗೆ ಮಾತ್ರ ಉಸಿರಾಡುವ ಬಟ್ಟೆ ಹೊದಿಸಿ. ಹಣ ಇದ್ದರೆ ಬಣ್ಣಕ್ಕೆ ಸುರಿಯುವ ಬದಲು ಗೋಡೆಯಿಲ್ಲದ ಒಂದು ಚಾವಣಿ ಕಟ್ಟಿಸಿ.

---

ಹದಿನಾಲ್ಕುಸಿಲಿಂಡರ್ ಉತ್ತರ:

ಪ್ರೊಪೆಲರ್ ತಿರುಗಿಸುವುದನ್ನು ಇವತ್ತೇ ನಿಲ್ಲಿಸಿ. ಬ್ಲೇಡ್‌ಗೆ ಹಗ್ಗ ಕಟ್ಟಿ, ಸುತ್ತ ಬೇಲಿ ಹಾಕಿ. ಎರಡು ಅಪಾಯ ಇವೆ.

ಮೊದಲನೆಯದು ಮನುಷ್ಯರಿಗೆ. ಪ್ಲಗ್‌ಗಳಿಗೆ ಕಿಡಿ ಕೊಡುವ ಮ್ಯಾಗ್ನೆಟೋಗೆ ಬ್ಯಾಟರಿ ಬೇಕಿಲ್ಲ, ಎಂಜಿನ್ ತಿರುಗಿದರೆ ಸಾಕು. ಸ್ವಿಚ್ 'ಆಫ್' ಎಂದರೆ ಒಂದು ತಂತಿಯ ಮೂಲಕ ಅದರ ವಿದ್ಯುತ್ತನ್ನು ವಿಮಾನದ ಲೋಹದ ಮೈಗೆ ಸೇರಿಸಿದ್ದಾರೆ (ಅರ್ಥಿಂಗ್) ಎಂದಷ್ಟೇ ಅರ್ಥ. ಹಳೆಯ ವಿಮಾನದಲ್ಲಿ ಆ ತಂತಿ ತುಂಡಾಗಿದ್ದರೆ ಮ್ಯಾಗ್ನೆಟೋ ಜೀವಂತ. ಸಿಲಿಂಡರ್‌ನಲ್ಲಿ ಇಂಧನದ ಆವಿ ಉಳಿದಿದ್ದರೆ ಒಂದು ಕಿಡಿ ಸಾಕು. ಎಲ್ಲ ಪ್ಲಗ್ ತಂತಿಗಳನ್ನು ಬಿಚ್ಚಿಡಿ. ಟ್ಯಾಂಕ್‌ಗಳ ತಳದ ತಗ್ಗಿನಿಂದ (ಸಂಪ್) ಉಳಿದ ಪೆಟ್ರೋಲ್ ಇಳಿಸಿ. ಅದರಲ್ಲಿ ಸೀಸ ಇರುತ್ತದೆ, ಕೈಗೆ ತಾಕಿಸಬೇಡಿ.

ಎರಡನೆಯದು ಎಂಜಿನ್‌ಗೆ. ಡಕೋಟಾದ ಆರ್-1830 ಎರಡು ಸಾಲಿನ ವೃತ್ತಾಕಾರದ, 14 ಸಿಲಿಂಡರ್‌ಗಳ ಎಂಜಿನ್. ನಿಂತಲ್ಲೇ ನಿಂತಾಗ ಎಣ್ಣೆ ಜಿನುಗಿ ಕೆಳಗಿನ ಸಿಲಿಂಡರ್‌ಗಳ ತಲೆಯಲ್ಲಿ ಸೇರುತ್ತದೆ. ಎಣ್ಣೆಯನ್ನು ಪಿಸ್ಟನ್ ಒತ್ತಿ ಕುಗ್ಗಿಸಲಾಗದು, ಬಗ್ಗುವುದು ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ (ಎಂಜಿನ್‌ನ ತಿರುಗುವ ದಂಡ) ಸೇರಿಸುವ ಕನೆಕ್ಟಿಂಗ್ ರಾಡ್. ಪ್ರೊಪೆಲರ್‌ನ ಉದ್ದದ ಬ್ಲೇಡ್ ಒಳ್ಳೆಯ ಸನ್ನೆಗೋಲು. ಅದನ್ನು ಹಿಡಿದು ಇಬ್ಬರು ಜಗ್ಗಿದರೆ ಅಷ್ಟು ಬಲ ಬಂದೇಬರುತ್ತದೆ.

ತಿರುಗಿಸಲೇಬೇಕಾದರೆ ಹೀಗೆ ಮಾಡಿ. ಸಿಲಿಂಡರ್‌ಗಳ ಎಣಿಕೆ ಮೇಲಿನದರಿಂದ ಶುರು. 8 ತೀರಾ ಕೆಳಗಿನದು, ಅದರ ಆಚೀಚೆ 7 ಮತ್ತು 9, ಆಮೇಲೆ 6 ಮತ್ತು 10. ಈ ಐದರಿಂದ ಒಂದೊಂದು ಪ್ಲಗ್ ತೆಗೆದು, ಕೆಳಗೆ ಪಾತ್ರೆ ಇಟ್ಟು ಒಂದು ದಿನ ಬಿಡಿ. ಬರುವ ಎಣ್ಣೆಯ ಬಣ್ಣ ನೋಡಿ. ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಆಮೇಲೆ ತಿರುಗುವ ದಿಕ್ಕಿನಲ್ಲೇ ನಿಧಾನ ತಳ್ಳಿ. ಹಿಂದಕ್ಕೆ ತಳ್ಳಿದರೆ ಎಣ್ಣೆ ಇನ್‌ಟೇಕ್ ಪೈಪಿಗೆ ಹೋಗಿ ಕೂರುತ್ತದೆ, ಮುಂದೊಂದು ದಿನ ಮತ್ತೆ ಸಿಲಿಂಡರ್‌ಗೇ ಬರುತ್ತದೆ. ಗೇರ್ ಅನುಪಾತ 16:9, ಅಂದರೆ ಕ್ರ್ಯಾಂಕ್ 16 ಸುತ್ತು ತಿರುಗಿದರೆ ಪ್ರೊಪೆಲರ್ 9 ಸುತ್ತು. ಹಾಗಾಗಿ ಕ್ರ್ಯಾಂಕ್ ಎರಡು ಸುತ್ತು ಮುಗಿಸಲು ಪ್ರೊಪೆಲರ್ ಒಂದು ಸುತ್ತಿಗಿಂತ ತುಸು ಹೆಚ್ಚು ಹೋಗಬೇಕು, ಅಂದರೆ ಮೂರು ಬ್ಲೇಡ್‌ನ ಈ ಪ್ರೊಪೆಲರ್‌ನಲ್ಲಿ ಕನಿಷ್ಠ ನಾಲ್ಕು ಬ್ಲೇಡ್ ದಾಟುವಷ್ಟು. ಎಲ್ಲಾದರೂ ಗಟ್ಟಿ ತಡೆ ಸಿಕ್ಕರೆ ಅಲ್ಲೇ ನಿಲ್ಲಿಸಿ.

ಅದಾದ ಮೇಲೆ ಒಳಗೆ ಸಂರಕ್ಷಣಾ ಎಣ್ಣೆ ಸಿಂಪಡಿಸಿ, ಮತ್ತೆ ತಿರುಗಿಸಬೇಡಿ. ಎಣ್ಣೆಯ ಪೊರೆಯನ್ನು ಪಿಸ್ಟನ್ ರಿಂಗ್ ಕೆರೆದು ಹಾಕುತ್ತದೆ. ಎಂಜಿನ್‌ಗೆ 28 ಪ್ಲಗ್; ಮುಂದಿನ 14ರ ಜಾಗದಲ್ಲಿ ಸಿಲಿಕಾ ಜೆಲ್ ತುಂಬಿದ ಪಾರದರ್ಶಕ ಪ್ಲಗ್ ಹಾಕಿ. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದರೆ ಬದಲಿಸುವ ಸಮಯ. ಎಕ್ಸಾಸ್ಟ್, ಕಾರ್ಬ್ಯುರೇಟರ್ ಬಾಯಿ, ಬ್ರೀದರ್ (ಎಂಜಿನ್‌ನ ಉಸಿರುಕೊಳವೆ) ಮುಚ್ಚದೆ ಬಿಟ್ಟರೆ ಜೆಲ್ ಒಂದು ವಾರವೂ ಬಾಳುವುದಿಲ್ಲ.

---

ಗಾಳಿಲೆಕ್ಕ ಉತ್ತರ:

ಟೈರ್‌ಗೆ ಗಾಳಿ ತುಂಬಲು ಹೋಗಬೇಡಿ. ಬಿರುಕುಬಿಟ್ಟ ಹಳೆ ರಬ್ಬರ್ ಸಿಡಿದರೆ ಪಕ್ಕದಲ್ಲಿ ಇದ್ದವರ ಗತಿ ಹೇಳಲಾಗದು. ಸಿ-47ರ ಖಾಲಿ ತೂಕ ಸುಮಾರು 8.2 ಟನ್, ಬಹುಪಾಲು ಮುಂದಿನ ಎರಡು ಕಾಲಿನ ಮೇಲೆ. ಕೈಪಿಡಿಯಲ್ಲಿ ಗುರುತಿಸಿದ ಜಾಗಕ್ಕೆ ಜ್ಯಾಕ್ ಕೊಟ್ಟು ಎತ್ತಿ, ಟೈರ್ ನೆಲಕ್ಕೆ ತಾಕಿದಂತೆ ಕಾಣುವಷ್ಟು ಎತ್ತರದಲ್ಲಿ ಉಕ್ಕಿನ ಆಧಾರಗಳ ಮೇಲೆ ಕೂರಿಸಿ. ಉಕ್ಕು ಅಲ್ಯೂಮಿನಿಯಂಗೆ ನೇರವಾಗಿ ತಾಕಬಾರದು, ನಡುವೆ ದಪ್ಪ ನಿಯೋಪ್ರೀನ್ ಇರಲಿ. ಎತ್ತುವ ಮುನ್ನ ಲ್ಯಾಂಡಿಂಗ್ ಗೇರ್‌ನ ಲಾಕ್ ಪಿನ್ ಹಾಕಿದ್ದಾರೆಯೇ ನೋಡಿ. ಹೈಡ್ರಾಲಿಕ್ ಸೋರಿ ಖಾಲಿಯಾದ ವಿಮಾನದಲ್ಲಿ ಕಾಲು ಮಡಚದಂತೆ ತಡೆಯಲು ಅದು ಇರಲೇಬೇಕು.

ಯಾರೂ ಎತ್ತದ ವಿಷಯ ಗಾಳಿ. ಬಾಲ ನೆಲಕ್ಕಿಟ್ಟು ನಿಂತ ಡಕೋಟಾದ ಮೂಗು 11-12 ಡಿಗ್ರಿ ಮೇಲಕ್ಕಿರುತ್ತದೆ. ಅಂದರೆ ರೆಕ್ಕೆ ಯಾವಾಗಲೂ ಹಾರಲು ಸಿದ್ಧವಾಗಿಯೇ ನಿಂತಿದೆ. ರೆಕ್ಕೆಯ ವಿಸ್ತೀರ್ಣ ಸುಮಾರು 92 ಚದರ ಮೀಟರ್. ಲಿಫ್ಟ್ ಗುಣಾಂಕ (ರೆಕ್ಕೆ ಗಾಳಿಯಿಂದ ಎಷ್ಟು ಮೇಲೆತ್ತುತ್ತದೆ ಎಂಬ ಅಳತೆ) 1 ಎಂದು ಹಿಡಿದರೆ, ಎದುರಿನಿಂದ ಗಂಟೆಗೆ 90 ಕಿ.ಮೀ. ಗಾಳಿಗೆ ಮೇಲೆತ್ತುವ ಬಲ ಮೂರೂವರೆ ಟನ್. 144 ಕಿ.ಮೀ.ಗೆ ಒಂಬತ್ತು ಟನ್, ಖಾಲಿ ವಿಮಾನದ ತೂಕಕ್ಕಿಂತ ಹೆಚ್ಚು. ಬರೀ ಚಕ್ರಕ್ಕೆ ಕಟ್ಟೆಕಲ್ಲು ಕೊಟ್ಟರೆ ಸಾಲದು.

ಮೊದಲ ಉಪಾಯ, ಬಾಲವನ್ನು ಆಧಾರದ ಮೇಲೆತ್ತಿ ವಿಮಾನವನ್ನು ಸಮತಟ್ಟಾಗಿ ನಿಲ್ಲಿಸುವುದು. ಮೇಲೆತ್ತುವ ಬಲ ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ. ಬಾಲವನ್ನು ಆಧಾರಕ್ಕೆ ಬಿಗಿದು ಕಟ್ಟಬೇಕು, ಇಲ್ಲದಿದ್ದರೆ ಹಿಂಗಾಳಿಗೆ ಬಾಲ ಎದ್ದು ಮೂಗು ನೆಲಕ್ಕೆ ಬೀಳುತ್ತದೆ. ಜೊತೆಗೆ ಎರಡು ರೆಕ್ಕೆಯ ಕಟ್ಟುಬಳೆಯಿಂದ ಕಾಂಕ್ರೀಟ್ ದಿಮ್ಮಿಗೆ ಉಕ್ಕಿನ ಹಗ್ಗ, ಅದನ್ನು ತಿರುಗಿಸಿ ಬಿಗಿಯುವ ಟರ್ನ್‌ಬಕಲ್ ಸಮೇತ. ಮೂರು ಟನ್ ದಿಮ್ಮಿ ಎಂದರೆ ಒಂದೂಕಾಲು ಘನ ಮೀಟರ್ ಕಾಂಕ್ರೀಟ್. ಅಂತಿಮ ಲೆಕ್ಕ ನಿಮ್ಮಲ್ಲಿನ ಗಾಳಿಯ ದಾಖಲೆ ಹಿಡಿದು ಸ್ಟ್ರಕ್ಚರಲ್ ಎಂಜಿನಿಯರ್ ಮಾಡಲಿ. ಐಲೆರಾನ್ (ರೆಕ್ಕೆಯಲ್ಲಿ ಆಡುವ ಭಾಗ), ಎಲಿವೇಟರ್, ರಡರ್ (ನೆಟ್ಟಗಿನ ಬಾಲದಲ್ಲಿ ಆಡುವ ಭಾಗ) ಮೂರಕ್ಕೂ ಹೊರಗಿನಿಂದ ಮರದ ಪಟ್ಟಿ ಕೊಟ್ಟು ಬಿಗಿಯಿರಿ. ಅವು ಬಡಿದುಕೊಂಡರೆ ಮೊದಲು ಹೋಗುವುದು ಹಿಂಜ್, ಆಮೇಲೆ ಮೇಲಿನ ಬಟ್ಟೆ.

---

ಟೇಲ್‌ವೀಲ್47 ಬರೆದದ್ದು:

ಎಲ್ಲರಿಗೂ ಧನ್ಯವಾದ. ಮುಚ್ಚುಪಟ್ಟಿ ಬಿಚ್ಚಿದೆವು. ಕೆಳಮೈಯ ಕೋನಪಟ್ಟಿಯಲ್ಲಿ ಒಂದು ಅಡಿಯಷ್ಟು ಉದ್ದಕ್ಕೆ ಅಂಚು ಪದರ ಪದರವಾಗಿ ಬಿಟ್ಟುಕೊಂಡಿದೆ. ಇನ್ನೊಂದು ಸಂಗತಿ, ಬಾಲದ ಹತ್ತಿರ ಉದುರಿದ ಬಣ್ಣದಡಿ ಬಿಳಿ, ಅದರ ಪಕ್ಕದಲ್ಲೇ ಕಪ್ಪು ಕಾಣುತ್ತಿದೆ. ಕೆರೆದು ನೋಡಬಹುದೇ?

---

ಅಲ್‌ಕ್ಲಾಡ್ ಉತ್ತರ:

ನೆನೆದ ಪುಸ್ತಕದ ಹಾಳೆಗಳ ಹಾಗೆ ಬಿಟ್ಟುಕೊಂಡಿದ್ದರೆ ಅದು ಎಕ್ಸ್‌ಫೋಲಿಯೇಷನ್. ಹಿಂಡಿ ತೆಗೆದ ಲೋಹದ ಪಟ್ಟಿಯಲ್ಲಿ ಕಣಗಳು ಉದ್ದುದ್ದಕ್ಕೆ ಮಲಗಿರುತ್ತವೆ, ಕೊರೆತ ಅವುಗಳ ನಡುವೆ ನುಗ್ಗಿ ಪುಡಿಯಾಗಿ ಉಬ್ಬಿ ಒಂದರಿಂದೊಂದನ್ನು ಎಬ್ಬಿಸುತ್ತದೆ. ಇದಕ್ಕೆ ಉಜ್ಜುವುದು ಪರಿಹಾರವಲ್ಲ, ಪುಟ್ಟಿ ತುಂಬುವುದಂತೂ ವಂಚನೆ. ಆ ತುಂಡನ್ನು ಕತ್ತರಿಸಿ ಹೊಸ ಪಟ್ಟಿ ಕೂರಿಸಬೇಕು. ಅದಾಗುವವರೆಗೆ ರೆಕ್ಕೆಯ ಕೆಳಗೆ ಮೆತ್ತೆ ಹಾಕಿದ ಆಧಾರ ಇರಲಿ. ಆ ಬದಿಯ ಕಟ್ಟುಬಳೆಗೆ ಹಗ್ಗ ಬಿಗಿಯುವ ಮುನ್ನ ಎಂಜಿನಿಯರ್‌ಗೆ ತೋರಿಸಿ. ಪಟ್ಟಿಯ ಉಳಿದ ಉದ್ದಕ್ಕೂ ನೇರವಾದ ಸ್ಕೇಲ್ ಇಟ್ಟು ನೋಡಿ. ಸ್ಕೇಲ್ ಅಡಿಯಲ್ಲಿ ಬೆಳಕು ಒಂದೇ ಸಮ ಕಾಣದಿದ್ದರೆ ಅಲ್ಲೂ ಶುರುವಾಗಿದೆ.

---

ಹಳೇಬಣ್ಣ ಉತ್ತರ:

ಕೆರೆಯಬೇಡಿ! ಕಪ್ಪು ಬಿಳಿ ಅಕ್ಕಪಕ್ಕ ಎಂದರೆ ಅದು 1944ರ ಜೂನ್ 6ರ, ಫ್ರಾನ್ಸ್‌ನ ನಾರ್ಮಂಡಿ ತೀರದ ದಾಳಿಗೆ ಮುನ್ನ ಆತುರಾತುರವಾಗಿ ಬಳಿದ ಗುರುತುಪಟ್ಟಿ ಇರಬಹುದು. ಮೂರು ಬಿಳಿ, ಎರಡು ಕಪ್ಪು; ಎರಡು ಎಂಜಿನ್‌ನ ವಿಮಾನಕ್ಕೆ ಪಟ್ಟಿಯೊಂದು 24 ಇಂಚು ಅಗಲ. ನಂತರದ ಕಾಲದ ಬೇರೆ ಗುರುತೂ ಆಗಿರಬಹುದು, ಆದ್ದರಿಂದ ಅಳತೆ ತೆಗೆಯಿರಿ.

ಕತ್ತಲಾದ ಮೇಲೆ ಟಾರ್ಚನ್ನು ತಗಡಿಗೆ ಹೆಚ್ಚುಕಡಿಮೆ ಒರಗಿಸಿ ಹಿಡಿಯಿರಿ. ಹಗಲಲ್ಲಿ ಒಂದೇ ಬಣ್ಣವಾಗಿ ಕಂಡದ್ದರ ಮೇಲೆ ಹಳೆಯ ಅಕ್ಷರ, ಪಟ್ಟಿಗಳ ಅಂಚು ಕೂದಲೆಳೆಯ ಏಣಿನಂತೆ ಎದ್ದು ಕಾಣುತ್ತದೆ. ಟ್ರೈಪಾಡ್ ಇಟ್ಟು, ಅಳತೆಪಟ್ಟಿ ಸೇರಿಸಿ ಫೋಟೊ ತೆಗೆಯಿರಿ. ಆಮೇಲೆ ಒಂದೇ ಒಂದು ಜಾಗದಲ್ಲಿ, ಐದು ಸೆಂ.ಮೀ. ಅಗಲಕ್ಕೆ, 400ರಿಂದ 1200ರವರೆಗಿನ ನಯದ ಒದ್ದೆ ಮರಳುಕಾಗದದಲ್ಲಿ ತಟ್ಟೆಯಂತೆ ಇಳಿಜಾರಾಗಿ ಉಜ್ಜಿ. ಮರದ ಉಂಗುರಗಳ ಹಾಗೆ ಪದರಗಳು ಹೊರಗಿನಿಂದ ಒಳಕ್ಕೆ ಕಾಣುತ್ತವೆ. ಪ್ರೈಮರ್ ಕಂಡ ತಕ್ಷಣ ನಿಲ್ಲಿಸಿ.

ಬಾಲದ ಸಂಖ್ಯೆಯನ್ನೂ ಹುಡುಕಿ. ಅಮೆರಿಕದ ಸೇನೆಯ ಸಂಖ್ಯೆಯಲ್ಲಿ ವರ್ಷದ ಮೊದಲ ಅಂಕಿ ಬಿಟ್ಟು ಬರೆಯುತ್ತಿದ್ದರು. 42-92847 ಎಂಬ ವಿಮಾನದ ಬಾಲದ ಮೇಲೆ ಇದ್ದದ್ದು 292847. ಆ ವಿಮಾನ ನಾರ್ಮಂಡಿಯ ಪ್ಯಾರಾಟ್ರೂಪ್ ದಾಳಿಯ ಮುಖ್ಯ ಪಡೆಗೆ ಮುಂದಾಳಾಗಿ ಹಾರಿದ್ದು. 2015ರಲ್ಲಿ ಅಮೆರಿಕದ ಆಷ್‌ಕಾಷ್‌ನ ಒಂದು ಅಂಗಳದಲ್ಲಿ, ಹಳೆ ಎಂಜಿನ್ ತೆಗೆದು ಟರ್ಬೊಪ್ರಾಪ್ (ಪ್ರೊಪೆಲರ್ ತಿರುಗಿಸುವ ಟರ್ಬೈನ್ ಎಂಜಿನ್) ಕೂರಿಸುವ ಪರಿವರ್ತನೆಗೆ ಕಾದು ನಿಂತಿತ್ತು. ಸಂಖ್ಯೆ ಹುಡುಕಿದವರು ಇದ್ದದ್ದಕ್ಕೆ ಉಳಿಯಿತು, 2018ರಲ್ಲಿ ಮತ್ತೆ ಹಾರಿತು.

ಕಾಕ್‌ಪಿಟ್‌ನಲ್ಲಿ ಡಯಲ್‌ಗಳಿದ್ದರೆ ಬಿಚ್ಚಬೇಡಿ. ಮುಳ್ಳು, ಅಂಕಿಗಳ ಮೇಲಿನ ಬಣ್ಣದಲ್ಲಿ ರೇಡಿಯಂ ಇರಬಹುದು. ಹೊಳೆಯುವುದಿಲ್ಲ ಎಂದರೆ ಹೊಳೆಯುವ ಪುಡಿ ಸತ್ತಿದೆ ಎಂದಷ್ಟೇ. ರೇಡಿಯಂನ ಅರ್ಧಾಯುಷ್ಯ 1,600 ವರ್ಷ. ಗೈಗರ್ ಕೌಂಟರ್‌ನಿಂದ ಅಳೆಸಿ, ಗಾಜು ಒಡೆದದ್ದನ್ನು ಬೇರೆ ಇಡಿಸಿ, ಜನ ಒಳಗೆ ಹೋಗುವ ಮುನ್ನ ಸ್ವಲ್ಪ ಹೊತ್ತು ಕಿಟಕಿ ತೆರೆದಿಡಿ.

---

ಅಲ್‌ಕ್ಲಾಡ್ ಉತ್ತರ:

ಗಾಳಿಲೆಕ್ಕ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಬಾಲ ಎತ್ತುವುದು ಸರಿ, ಆದರೆ ಎತ್ತಿದ ದಿನವೇ ನೀರಿನ ದಾರಿ ಬದಲಾಗುತ್ತದೆ. ಬಾಲ ನೆಲದ ಮೇಲಿದ್ದಾಗ ಹಿಂದಕ್ಕೆ ಹರಿದು ಕೊನೆಯ ತೂತಿನಿಂದ ಬೀಳುತ್ತಿದ್ದ ನೀರು ಈಗ ಪ್ರತಿ ಅಡ್ಡಚೌಕಟ್ಟಿನ ಹಿಂದೆ ಸ್ವಲ್ಪ ಸ್ವಲ್ಪ ನಿಲ್ಲುತ್ತದೆ. ಬಾಲ ಎತ್ತಿ ಕಟ್ಟಿದ ಮೇಲೆ ಚೊಂಬು ನೀರಿನ ಪರೀಕ್ಷೆಯನ್ನು ಮೂಗಿನಿಂದ ಬಾಲದವರೆಗೆ ಮತ್ತೊಮ್ಮೆ ಮಾಡಿ. ನೀರು ನಿಂತ ಕಡೆ ಹೊಸ ತೂತು ಕೊರೆಯಬೇಡಿ. ಬಾಲದ ಆಧಾರವನ್ನು ಒಂದೆರಡು ಡಿಗ್ರಿ ತಗ್ಗಿಸಿದರೆ ಬಹುಪಾಲು ತಾನೇ ಹರಿದು ಹೋಗುತ್ತದೆ. ಆಧಾರಕ್ಕೆ ಎತ್ತರ ಹೊಂದಿಸುವ ಸ್ಕ್ರೂ ಇಟ್ಟೇ ಮಾಡಿಸಿ.