ಪುಟ್ಟಿಯ ಬಾಸ್ಟನ್ ಚಳಿಗಾಲದ ಬಗ್ಗೆ ಅತ್ತೆಗೆ

ಅತ್ತೆ, ಬೆಳಗಿನಿಂದ ಗ್ರೂಪಿನಲ್ಲಿ ನಡೆದ ಚರ್ಚೆ ಎಲ್ಲಾ ಈಗ ಓದಿದೆ. ಪುಟ್ಟಿ ಆಗಸ್ಟಿನಲ್ಲಿ ಓದಲು ಬಾಸ್ಟನ್‌ಗೆ ಬರುತ್ತಿದ್ದಾಳೆ, ಎಷ್ಟು ಸ್ವೆಟರ್ ಕಟ್ಟಲಿ ಅಂತ ನೀವು ಕೇಳಿದ್ದೀರಿ. ಚಿಕ್ಕಪ್ಪ "ಮಡಿಕೇರಿ ಚಳಿ ಕಂಡವಳಿಗೆ ಅದೇನು ಮಹಾ" ಅಂದಿದ್ದಾರೆ. ಇನ್ಯಾರೋ 2015ರಲ್ಲಿ ಬಾಸ್ಟನ್ನಿನಲ್ಲಿ ಸ್ನೋ ಬಿದ್ದ ವಿಡಿಯೊ ಹಾಕಿ ಎಲ್ಲರನ್ನೂ ಹೆದರಿಸಿದ್ದಾರೆ. ಟೈಪ್ ಮಾಡುತ್ತಾ ಕೂತರೆ ಇದು ಮುಗಿಯುವುದಿಲ್ಲ, ಅದಕ್ಕೇ ಮಾತಿನಲ್ಲೇ ಹೇಳುತ್ತೇನೆ. ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳಿಸಿಕೊಳ್ಳಿ.

ಮೊದಲು ಚಿಕ್ಕಪ್ಪನಿಗೆ ಉತ್ತರ. ಮಡಿಕೇರಿಯಲ್ಲಿ ಹೊರಗೂ ಚಳಿ, ಒಳಗೂ ಚಳಿ. ಇಲ್ಲಿ ಹಾಗಲ್ಲ. ಬಾಡಿಗೆ ಮನೆಯೊಳಗೆ ಹಗಲು 20 ಡಿಗ್ರಿ, ರಾತ್ರಿ 18 ಡಿಗ್ರಿಗಾದರೂ ಬೆಚ್ಚಗಿರಬೇಕು ಅಂತ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನಿಯಮವೇ ಇದೆ. ಮನೆ, ಕ್ಲಾಸು, ಅಂಗಡಿ ಎಲ್ಲಾ ಕಡೆ ಹೀಟಿಂಗ್ ಇರುತ್ತದೆ. ಬರೀ ಚಳಿಗೆ ಯಾರೂ ಇಲ್ಲಿ ಅಷ್ಟು ಹೆದರುವುದಿಲ್ಲ ಚಿಕ್ಕಪ್ಪ. ತಲೆನೋವು ಬೇರೆಯದು. ಬಿದ್ದ ಸ್ನೋವನ್ನು ಎಲ್ಲಿ ಹಾಕುವುದು?

ಆ ವಿಡಿಯೊದ ವರ್ಷ ನಾವು ಇಲ್ಲೇ ಇದ್ದೆವು. ಜನವರಿ ಮೂರನೇ ವಾರದ ತನಕ ಹೇಳಿಕೊಳ್ಳುವಷ್ಟು ಬಿದ್ದೇ ಇರಲಿಲ್ಲ. ಈ ಸಲ ಬಚಾವ್ ಅಂತ ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಆಮೇಲೆ 26, 27ನೇ ತಾರೀಕು ಒಂದೇ ಬಿರುಗಾಳಿಗೆ ಎರಡು ಅಡಿ ಬಿತ್ತು. ಅದು ಹೋಗುವ ಮೊದಲೇ ಇನ್ನೊಂದು, ಅದರ ಹಿಂದೆ ಮತ್ತೊಂದು. ಫೆಬ್ರವರಿ ಒಂದೇ ತಿಂಗಳಲ್ಲಿ 64.8 ಇಂಚು. ಇಡೀ ಸೀಸನ್ನಿಗೆ 110.6 ಇಂಚು, ಅಂದರೆ ಒಂಬತ್ತು ಅಡಿಗೂ ಜಾಸ್ತಿ. ಬಾಸ್ಟನ್ನಿನ ದಾಖಲೆಯಲ್ಲಿ ಅದಕ್ಕಿಂತ ಹೆಚ್ಚು ಬಿದ್ದ ವರ್ಷ ಇಲ್ಲ. ಮಾಮೂಲಿ ವರ್ಷ ಅದರ ಅರ್ಧವೂ ಬೀಳುವುದಿಲ್ಲ, ಹಾಗಾಗಿ ಅತ್ತೆ, ಆ ವಿಡಿಯೊ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಬೇರೆ ವರ್ಷಗಳಲ್ಲಿ ಎರಡು ಬಿರುಗಾಳಿಗಳ ನಡುವೆ ಒಂದಿಷ್ಟು ಬಿಸಿಲು ಬಂದು ಅರ್ಧ ಕರಗಿ ಹೋಗುತ್ತದೆ. ಆ ಸಲ ಬಿಸಿಲಿತ್ತು, ಬಿಸಿ ಇರಲಿಲ್ಲ. ಫೆಬ್ರವರಿಯ ಸರಾಸರಿಯೇ ಮೈನಸ್ 7 ಡಿಗ್ರಿ. ಬಿದ್ದದ್ದೆಲ್ಲಾ ಹಾಗೇ ಉಳಿಯಿತು. ಸ್ನೋ ನಿಂತ ಮೂರು ಗಂಟೆಯೊಳಗೆ ಮನೆ ಮುಂದಿನ ಫುಟ್‌ಪಾತ್ ಖಾಲಿ ಮಾಡಬೇಕು ಅಂತ ಬಾಸ್ಟನ್ನಿನಲ್ಲಿ ಕಾನೂನು. ರಸ್ತೆಗೆ ಎಸೆದರೆ ದಂಡ. ಪಕ್ಕದ ಮನೆಯವರ ಕಡೆ ಎಸೆದರೆ ಜಗಳ. ಮತ್ತೆಲ್ಲಿಗೆ? ನಮ್ಮ ಗುಡ್ಡೆಯ ಮೇಲೇ. ಕೊನೆಗೆ ಅದು ತಲೆಗಿಂತ ಎತ್ತರ ಆಗಿ, ಸಲಿಕೆಯಲ್ಲಿ ಮೇಲಕ್ಕೆ ಎಸೆದದ್ದು ಅರ್ಧ ವಾಪಸ್ ನಮ್ಮ ಮೈಮೇಲೇ ಬೀಳುತ್ತಿತ್ತು.

ಕಾರ್ ಪಾರ್ಕಿಂಗ್ ಕಥೆ ಇನ್ನೂ ಮಜಾ. ಗಂಟೆಗಟ್ಟಲೆ ಅಗೆದು ಕಾರು ಹೊರಗೆ ತೆಗೆದವರು ಆ ಜಾಗದಲ್ಲಿ ಒಂದು ಕುರ್ಚಿ ಇಟ್ಟು ಹೋಗುತ್ತಾರೆ. ಮುರಿದ ಕುರ್ಚಿ, ಇಸ್ತ್ರಿ ಟೇಬಲ್, ಏನಾದರೂ ಸರಿ. ನಮ್ಮೂರ ಬಸ್ಸಿನ ಸೀಟಿಗೆ ಕಿಟಕಿಯಿಂದ ಕರ್ಚೀಫ್ ಹಾಕುವ ಹಾಗೆ. ಇದಕ್ಕೆ ಬಾಸ್ಟನ್ನಿನಲ್ಲಿ ಅರೆಬರೆ ಒಪ್ಪಿಗೆಯೂ ಇದೆ, ಸ್ನೋಗೆ ಅಂತ ನಗರ ಹೊರಡಿಸಿದ ತುರ್ತು ಆದೇಶ ಮುಗಿದು 48 ಗಂಟೆ ತನಕ ನಗರದವರು ಸುಮ್ಮನಿರುತ್ತಾರೆ. ಕುರ್ಚಿ ಸರಿಸಿ ನಿಲ್ಲಿಸಿದವರ ಕಾರಿನ ಗತಿ ಕೇಳಬೇಡಿ. ಪುಟ್ಟಿಗೆ ಕಾರಿನ ಗೊಡವೆ ಬೇಡವೇ ಬೇಡ.

ನಗರದವರಿಗೂ ಇದೇ ಪ್ರಶ್ನೆ. ಸಮುದ್ರ ಪಕ್ಕದಲ್ಲೇ ಇದೆ, ಸುರಿಯಬಾರದೇ ಅಂತ ನಿಮಗೆ ಅನಿಸಬಹುದು. ಆದರೆ ರಸ್ತೆಯ ಸ್ನೋದಲ್ಲಿ ಉಪ್ಪು, ಎಣ್ಣೆ, ಕಸ ಎಲ್ಲಾ ಸೇರಿರುತ್ತದೆ. ಅದಕ್ಕೇ ಲಾರಿಗಳಲ್ಲಿ ಹೊತ್ತು ಖಾಲಿ ಮೈದಾನಗಳಲ್ಲಿ ಗುಡ್ಡೆ ಹಾಕಿದರು. ಸೀಪೋರ್ಟ್ ಅನ್ನುವ ಕಡೆ ಹಾಕಿದ್ದು 75 ಅಡಿ ಎತ್ತರದ ಬೆಟ್ಟವೇ ಆಯಿತು. ಅದು ಪೂರ್ತಿ ಕರಗಿದ್ದು ಯಾವಾಗ ಗೊತ್ತಾ? ಜುಲೈ 14ಕ್ಕೆ! ಜನ ಚಡ್ಡಿ ಹಾಕಿಕೊಂಡು ಓಡಾಡುವ ಬೇಸಿಗೆಯಲ್ಲಿ ಆ ಕಪ್ಪು ಕೊಳಕು ಗುಡ್ಡೆ ಇನ್ನೂ ಅಲ್ಲೇ ಕೂತಿತ್ತು. ಯಾವತ್ತು ಕರಗುತ್ತದೆ ಅಂತ ಊಹಿಸಿ ಅಂತ ಮೇಯರ್ ಸ್ಪರ್ಧೆ ಬೇರೆ ಇಟ್ಟಿದ್ದರು. ಅದೇ ಮೇಯರ್, ಕಿಟಕಿಯಿಂದ ಸ್ನೋ ಗುಡ್ಡೆಗೆ ಹಾರುವ ಹುಡುಗರಿಗೆ "ಈ ಹುಚ್ಚಾಟ ನಿಲ್ಲಿಸಿ" ಅಂತ ಪತ್ರಿಕಾಗೋಷ್ಠಿಯಲ್ಲಿ ಬೈದಿದ್ದರು. ಪುಟ್ಟಿಗೂ ಹೇಳಿಡಿ.

ಅದೇ ವರ್ಷ ಫೆಬ್ರವರಿ 10ಕ್ಕೆ ಮೆಟ್ರೊ, ಟ್ರಾಮ್, ಲೋಕಲ್ ರೈಲು ಒಂದೂ ಓಡಲಿಲ್ಲ. ಹಳೆಯ ಬೋಗಿಗಳ ಮೋಟರಿನೊಳಗೆ ಪುಡಿ ಸ್ನೋ ನುಗ್ಗಿ ಕೆಡುತ್ತಿದ್ದವು. ಮರುದಿನ ಇವನ್ನು ಓಡಿಸುವ ಸಂಸ್ಥೆಯ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು. ಆ ದಿನಗಳಲ್ಲಿ ನಡೆದು ಹೋಗಲು ಆಗುವಷ್ಟು ಹತ್ತಿರ ಮನೆ ಇದ್ದವರೇ ಪುಣ್ಯವಂತರು. ಪುಟ್ಟಿ ಮನೆ ಹುಡುಕುವಾಗ ಇದನ್ನು ತಲೆಯಲ್ಲಿ ಇಟ್ಟುಕೊಳ್ಳಲಿ.

ಈಗ ಒಂದು ವಿಷಯ, ಇದನ್ನು ಮಾತ್ರ ಅವಳಿಗೆ ಎರಡು ಸಲ ಕೇಳಿಸಿ. ಸ್ನೋದಲ್ಲಿ ಹೂತ ಕಾರಿನೊಳಗೆ ಬೆಚ್ಚಗೆ ಅಂತ ಎಂಜಿನ್ ಹಾಕಿಕೊಂಡು ಕೂರಬಾರದು. ಹೊಗೆ ಕೊಳವೆ ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗಾಳಿ ಒಳಗೇ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ. 2013ರ ಫೆಬ್ರವರಿ ಬಿರುಗಾಳಿಯಲ್ಲಿ ಬಾಸ್ಟನ್ನಿನಲ್ಲೇ ಒಬ್ಬ ಹುಡುಗ ಹೀಗೆ ಹೋದ. ಅಪ್ಪ ಹೊರಗೆ ಸ್ನೋ ತೆಗೆಯುತ್ತಿದ್ದರು, ಅವನು ಕಾರಿನಲ್ಲಿ ಕೂತಿದ್ದ. ಮನೆಯ ಹೀಟರಿನ ಹೊಗೆ ಗೋಡೆಯಿಂದ ಹೊರಗೆ ಹೋಗುವ ಕೊಳವೆಗೂ ಇದೇ ಮಾತು. ಅದರ ಮುಂದೆ ಸ್ನೋ ಕಟ್ಟದಂತೆ ನೋಡಿಕೊಳ್ಳಬೇಕು, ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು.

ಇನ್ನು ನಿಮ್ಮ ಸ್ವೆಟರ್. ಎರಡು ಸಾಕು ಅತ್ತೆ. ಥರ್ಮಲ್ ಒಳಉಡುಪು ಅಲ್ಲಿಂದಲೇ ತರಲಿ. ದಪ್ಪ ಕೋಟು ಮತ್ತು ಬೂಟು ಬೆಂಗಳೂರಿನಲ್ಲಿ ಕೊಳ್ಳಬೇಡಿ, ದುಡ್ಡು ದಂಡ. ನವೆಂಬರಿಗೆ ಮೊದಲು ಇಲ್ಲೇ ಕೊಡಿಸುತ್ತೇನೆ. ಕೋಟಿಗಿಂತ ಬೂಟು ಮುಖ್ಯ, ನೀರು ಒಳಗೆ ಬರಬಾರದು, ಜಾರಬಾರದು. ಕೊಬ್ಬರಿ ಎಣ್ಣೆ ಕೊಟ್ಟು ಕಳಿಸಿ. ಹೀಟಿಂಗಿನ ಒಣ ಗಾಳಿಗೆ ಹಿಮ್ಮಡಿ, ತುಟಿ ಎಲ್ಲಾ ಒಡೆಯುತ್ತದೆ. ದೋಸೆ ಹಿಟ್ಟು ಹುಳಿ ಬರಲ್ಲ ಅಂತ ಅವಳು ಫೋನ್ ಮಾಡುವುದು ಗ್ಯಾರಂಟಿ. ಓವನ್ನಿನ ದೀಪ ಮಾತ್ರ ಹಾಕಿ ರಾತ್ರಿ ಒಳಗಿಟ್ಟರೆ ಉಬ್ಬುತ್ತದೆ.

ನನಗೆ ಚಿಂತೆ ಇರುವುದು ಕತ್ತಲಿನ ಬಗ್ಗೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲಕ್ಕೇ ಸೂರ್ಯ ಮುಳುಗುತ್ತಾನೆ. ಹೊಸಬರು ಅದಕ್ಕೇ ಮಂಕಾಗಿಬಿಡುತ್ತಾರೆ. ಶನಿವಾರ, ಭಾನುವಾರ ಅವಳು ರೂಮಿನಲ್ಲಿ ಒಬ್ಬಳೇ ಕೂರುವುದು ಬೇಡ, ನಮ್ಮ ಮನೆಗೆ ಬರಲಿ.

ಬಾಡಿಗೆ ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲು ನನಗೆ ಕಳಿಸಲು ಹೇಳಿ. ಹೀಟಿಂಗ್ ಬಿಲ್ ಯಾರು ಕಟ್ಟಬೇಕು, ಸ್ನೋ ಯಾರು ತೆಗೆಯಬೇಕು, ಆ ಎರಡು ಸಾಲು ನಾನು ನೋಡಬೇಕು.